ನಡುದಾರಿಯಲ್ಲಿ ಕರೆಂಟ್ ಬೇಡದ ಫೈಬರ್ ಜಾಲ

ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಇಂಟರ್ನೆಟ್ ಕೂಡ ಹೋಗುತ್ತದೆ. ಎಷ್ಟೋ ಸಲ ಫೈಬರ್ ಎಳೆಗೆ ಏನೂ ಆಗಿರುವುದಿಲ್ಲ. ದಾರಿಯಲ್ಲಿನ ಯಾವುದೋ ಅಂಗಡಿಯ ಗೋಡೆಗೆ ಹೊಡೆದ ಪೆಟ್ಟಿಗೆಯಲ್ಲಿ, ಇಂಟರ್ನೆಟ್ ಸಂಪರ್ಕವನ್ನು ಮುಂದಕ್ಕೆ ಹಂಚುವ ಸ್ವಿಚ್‌ನ ಬ್ಯಾಟರಿ ಖಾಲಿಯಾಗಿರುತ್ತದೆ. ವರ್ಷವಿಡೀ ವಿದ್ಯುತ್ ತಿಂದು ಬೇಕಾದ ದಿನ ಕೈಕೊಡುವ ಈ ಪೆಟ್ಟಿಗೆಗಳನ್ನು ತೆಗೆಯುವುದೇ ಸ್ಥಳೀಯ ಕೇಬಲ್ ಆಪರೇಟರುಗಳ ಮೊದಲ ಕೆಲಸವಾಗಬೇಕು.

ಕಂಟ್ರೋಲ್ ರೂಮಿನಿಂದ ಕೊನೆಯ ಮನೆಯವರೆಗೆ ಲೈನ್ ಹಿಡಿದು ನಡೆಯಿರಿ. ಪ್ಲಗ್‌ಗೆ ಹಾಕಿದ ಪ್ರತಿ ಸ್ವಿಚ್, ಫೈಬರ್‌ನ ಬೆಳಕನ್ನು ವಿದ್ಯುತ್ ಸಿಗ್ನಲ್ ಆಗಿಸುವ ಮೀಡಿಯಾ ಕನ್ವರ್ಟರ್‌ಗಳ ವ್ಯಾಟ್ ಬರೆದುಕೊಳ್ಳಿ. ಹಗಲಿರುಳು ಉರಿಯುವ 10 ವ್ಯಾಟ್‌ನ ಒಂದು ಸಾಧನ ತಿಂಗಳಿಗೆ 7.2 ಯೂನಿಟ್ ತಿನ್ನುತ್ತದೆ.

ಇವುಗಳ ಬದಲು ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ (GPON) ವ್ಯವಸ್ಥೆ ಹಾಕಿ. ಇದರಲ್ಲಿ ಕಂಟ್ರೋಲ್ ರೂಮಿನಿಂದ ಬೆಳಕಿನ ಸಿಗ್ನಲ್ ಕಳಿಸುವ ಓಎಲ್‌ಟಿ ಪೆಟ್ಟಿಗೆಗೆ ಮತ್ತು ಅದನ್ನು ಮನೆಯಲ್ಲಿ ಇಂಟರ್ನೆಟ್ ಆಗಿಸುವ ಓಎನ್‌ಟಿ ಪೆಟ್ಟಿಗೆಗೆ ಮಾತ್ರ ವಿದ್ಯುತ್ ಬೇಕು. ನಡುವೆ ಬೆಳಕನ್ನು ಹಂಚುವ ಸ್ಪ್ಲಿಟರ್‌ಗೆ ಏನೂ ಬೇಡ. ಸಿಗ್ನಲ್ ಸಾಮಾನ್ಯವಾಗಿ 20 ಕಿ.ಮೀ.ವರೆಗೆ ಹೋಗುತ್ತದೆ. ಆದರೆ ದಾರಿಯಲ್ಲಿ ಎಷ್ಟು ಬೆಳಕು ನಷ್ಟವಾಗುತ್ತದೆ ಎಂದು ಲೆಕ್ಕ ಹಾಕದೆ ಲೈನ್ ಎಳೆಯಬೇಡಿ; ಈ ನಷ್ಟದ ಅಳತೆ ಡೆಸಿಬೆಲ್. ಓಎಲ್‌ಟಿಗೆ ಸಿಕ್ಕಿಸುವ ಬಿ ಪ್ಲಸ್ ದರ್ಜೆಯ ಮಾಡ್ಯೂಲ್ 28 ಡೆಸಿಬೆಲ್‌ವರೆಗಿನ ನಷ್ಟವನ್ನು ತಾಳಿಕೊಳ್ಳುತ್ತದೆ. ತೋಟದ ಮನೆಗಳು ಚದುರಿರುವುದರಿಂದ ಕವಲು ರಸ್ತೆಯಲ್ಲಿ ನಾಲ್ಕು ದಾರಿಯ, ತೋಟದ ಹತ್ತಿರ ಎಂಟು ದಾರಿಯ ಸ್ಪ್ಲಿಟರ್ ಇಡುವುದು ಒಳ್ಳೆಯದು: ಎರಡೂ ಸೇರಿ ನಷ್ಟ ಸುಮಾರು 17.5 ಡೆಸಿಬೆಲ್. 12 ಕಿ.ಮೀ. ಫೈಬರ್‌ಗೆ ಕಿ.ಮೀ.ಗೆ 0.35ರಂತೆ 4.2. ಜೋಡಣೆ, ಕನೆಕ್ಟರ್‌ಗಳಿಗೆ 2. ಒಟ್ಟು 23.7, ಕೈಯಲ್ಲಿ ಉಳಿಯುವುದು 4.3.

ಈ ಉಳಿಕೆಯನ್ನು ಕಾಪಾಡುವುದೇ ಇಡೀ ಕೆಲಸದ ಜೀವಾಳ. 3 ಡೆಸಿಬೆಲ್ ಹೋದರೆ ಅರ್ಧ ಬೆಳಕು ಹೋದಂತೆ. ಅದರಿಂದ ನೇರವಾಗಿ ಬಿಲ್ ಏರುವುದಿಲ್ಲ ನಿಜ, ಆದರೆ ಸಿಗ್ನಲ್ ಸಾಲದೆ ಮತ್ತೆ ನಡುದಾರಿಯಲ್ಲಿ ಒಂದು ಪೆಟ್ಟಿಗೆ ಬಂದು ಕೂರುತ್ತದೆ. ಕನೆಕ್ಟರ್ ಹಾಕುವ ಮುನ್ನ ಪ್ರತಿ ಬಾರಿಯೂ ತುದಿಯನ್ನು ಕ್ಲೀನರ್‌ನಿಂದ ಒರೆಸಿ, ಅಂಗಿಯ ಅಂಚಿನಿಂದಲ್ಲ. ಬೆಳಕು ಕಣ್ಣಿಗೆ ಕಾಣದು, ಆದರೂ ಕಣ್ಣಿಗೆ ಹಾನಿ ಮಾಡಬಲ್ಲದು, ಆದ್ದರಿಂದ ತುದಿಯೊಳಗೆ ಇಣುಕಬೇಡಿ. ಸಿಲ್ವರ್ ಓಕ್ ಮರಕ್ಕೆ ಬೈಂಡಿಂಗ್ ವೈರ್‌ನಿಂದ ಬಿಗಿದು ಕಟ್ಟಿದ ಕೇಬಲ್ ಕಂಡರೆ ಕೂಡಲೇ ಬಿಚ್ಚಿ ಕ್ಲ್ಯಾಂಪ್ ಹಾಕಿ. ಮರ ದಪ್ಪವಾದಂತೆ ತಂತಿ ಎಳೆಯನ್ನು ಹಿಚುಕುತ್ತದೆ. ಸಂಶಯವಿದ್ದರೆ ಅದೇ ಎಳೆಯನ್ನು 1310 ಮತ್ತು 1550 ನ್ಯಾನೋಮೀಟರ್ ತರಂಗಾಂತರದ ಬೆಳಕು ಎರಡರಲ್ಲೂ ಅಳೆಯಿರಿ. 1550ರಲ್ಲಿ ನಷ್ಟ ಕಡಿಮೆ ಇರಬೇಕು. ಹೆಚ್ಚಿದ್ದರೆ ಎಲ್ಲೋ ಫೈಬರ್ ಬಾಗಿದೆ ಎಂದೇ ಅರ್ಥ. ಮನೆಯೊಳಗಿನ ಮೂಲೆಗಳಿಗೆ 7.5 ಮಿ.ಮೀ. ತ್ರಿಜ್ಯದವರೆಗೆ ಬಾಗಬಲ್ಲ ಜಿ.657ಎ2 ಫೈಬರ್ ಬಳಸಿ.

ಕಂಟ್ರೋಲ್ ರೂಮಿನಲ್ಲಿ ಬಳಸದ ಪೋರ್ಟ್ ಆಫ್ ಮಾಡಿ, ಖಾಲಿ ಮಾಡ್ಯೂಲ್ ಕಿತ್ತಿಡಿ. ಓಎಲ್‌ಟಿಗೆ 48 ವೋಲ್ಟ್ ಡಿ.ಸಿ. ಸೌಲಭ್ಯವಿದ್ದರೆ ಇನ್ವರ್ಟರ್ ಬಿಟ್ಟು ನೇರ ಬ್ಯಾಟರಿ ಸಾಲಿಗೆ ಜೋಡಿಸಿ. ಚಿಕ್ಕಮಗಳೂರಿನ ಒಣ ಚಳಿಗಾಲದಲ್ಲಿ ಫಿಲ್ಟರ್ ಹಾಕಿದ ಎಕ್ಸಾಸ್ಟ್ ಫ್ಯಾನ್ ಸಾಕು, ಎ.ಸಿ. ಬೇಡ, ಮಳೆಗಾಲದಲ್ಲಿ ಮಾತ್ರ ಹೊರಗಿನ ತೇವದ ಗಾಳಿಯನ್ನು ಒಳಗೆ ಬಿಡಬಾರದು.

ಇನ್ನು ಗ್ರಾಹಕರ ಮನೆ. 500 ಮನೆಗಳಲ್ಲಿ 8 ವ್ಯಾಟ್‌ನ ಓಎನ್‌ಟಿ ಇದ್ದರೆ ದಿನಕ್ಕೆ 96 ಯೂನಿಟ್. ಬಿಲ್ ಗ್ರಾಹಕರದ್ದು ಎಂದು ಆಪರೇಟರುಗಳು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಸರಿಯಲ್ಲ. ಓಎನ್‌ಟಿ, ರೂಟರ್ ಎಂದು ಎರಡು ಕೊಡುವ ಬದಲು ವೈಫೈ ಸೇರಿದ ಒಂದನ್ನೇ ಕೊಡಿ. ಕರೆಂಟ್ ಹೋದಾಗ ಇದೊಂದಕ್ಕಾಗಿ ದೊಡ್ಡ ಇನ್ವರ್ಟರ್ ಓಡಿಸುವುದಕ್ಕಿಂತ 12 ವೋಲ್ಟ್‌ನ ಪುಟ್ಟ ಡಿ.ಸಿ. ಯುಪಿಎಸ್ ಮೇಲು. ಕೊಳ್ಳುವಾಗ ಅಡಾಪ್ಟರ್ ಮೇಲಿನ ವೋಲ್ಟ್, ಪಿನ್ನಿನ ಪ್ಲಸ್–ಮೈನಸ್ ಗುರುತು ಹೊಂದುತ್ತವೆಯೇ, ಆಂಪಿಯರ್ ಸಾಲುತ್ತದೆಯೇ ಎಂದು ನೋಡಿ.