ದಶಕಗಳ ಜನಸಾಂದ್ರತೆ ಹೋಲಿಸುವುದು ಹೇಗೆ: ಲೆಕ್ಕ ಎಲ್ಲಿ ತಪ್ಪುತ್ತದೆ?

ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿದರೆ ಜನಸಾಂದ್ರತೆ. ಒಂದೇ ವರ್ಷಕ್ಕಾದರೆ ಅಷ್ಟು ಸಾಕು. ನಾಲ್ಕೈದು ದಶಕಗಳನ್ನು ಪಕ್ಕಪಕ್ಕ ಇಟ್ಟಾಗ ಮೇಲಿನ ಅಂಕಿ (ಜನಸಂಖ್ಯೆ), ಕೆಳಗಿನ ಅಂಕಿ (ವಿಸ್ತೀರ್ಣ) ಎರಡನ್ನೂ ಲೆಕ್ಕ ಹಾಕಿದ ರೀತಿ ಬೇರೆಯಾಗಿರಬಹುದು. ತಪ್ಪು ನುಸುಳುವುದು ಅಲ್ಲೇ.

ಮೊದಲು ಐದು ಕಾಲಂಗಳ ಪಟ್ಟಿ ಮಾಡಿ: ವರ್ಷ, ಗಣತಿಯ ದಿನಾಂಕ, ಜನಸಂಖ್ಯೆ, ವಿಸ್ತೀರ್ಣ, ಯಾರನ್ನು ಎಣಿಸಿದ್ದಾರೆ. ಕೊನೆಯ ಎರಡನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಸಿಂಗಪುರವನ್ನೇ ನೋಡಿ. 1970ರಲ್ಲಿ ಸುಮಾರು 20,74,500 ಜನ, 586.4 ಚದರ ಕಿ.ಮೀ.; ಸಾಂದ್ರತೆ 3,538. 2010ರಲ್ಲಿ 50,76,700 ಜನ. ಅಷ್ಟರಲ್ಲಿ ಕಡಲು ತುಂಬಿಸಿ ನೆಲವೂ 712.4 ಚದರ ಕಿ.ಮೀ.ಗೆ ಬೆಳೆದಿತ್ತು, ಸಾಂದ್ರತೆ 7,126. ಜನ 2.45 ಪಟ್ಟಾದರೂ ಸಾಂದ್ರತೆ ಏರಿದ್ದು 2.01 ಪಟ್ಟು. ಹಳೆಯ ವಿಸ್ತೀರ್ಣವನ್ನೇ 2010ಕ್ಕೂ ಹಾಕಿದರೆ 8,657 ಎಂಬ ಸುಳ್ಳು ಅಂಕಿ ಬರುತ್ತದೆ. ಇನ್ನು 2010ಕ್ಕೆ ನಾಗರಿಕರು ಮತ್ತು ಕಾಯಂ ನಿವಾಸಿಗಳನ್ನಷ್ಟೇ (37,71,700) ಹಿಡಿದರೆ 5,294. ಇದನ್ನು 1970ರ ಒಟ್ಟು ಜನರ ಸಾಂದ್ರತೆಗೆ ಹೋಲಿಸಿದರೆ ಶೇ 101ರ ಏರಿಕೆ ಶೇ 50ಕ್ಕೆ ಕುಗ್ಗುತ್ತದೆ.

ಗಡಿ ಬದಲಾಗಿದ್ದರೆ ಇಂದಿನ ಗಡಿಯನ್ನೇ ಆಧಾರವಾಗಿಟ್ಟುಕೊಂಡು, ಹಳೆಯ ಗಣತಿಯ ಅತಿ ಚಿಕ್ಕ ಘಟಕಗಳಿಂದ (ಹಳ್ಳಿ, ವಾರ್ಡ್‌ನಂಥವು) ಆ ಪ್ರದೇಶವನ್ನು ಮತ್ತೆ ಕೂಡಿಸಿ. ಘಟಕವೇ ಎರಡು ಹೋಳಾಗಿದ್ದರೆ ವಿಸ್ತೀರ್ಣದ ಪ್ರಮಾಣದಲ್ಲಿ ಜನರನ್ನು ಹಂಚಬೇಡಿ. 60 ಚದರ ಕಿ.ಮೀ.ಯಲ್ಲಿ 12,000 ಜನ, ಅದರಲ್ಲಿ 40 ಚದರ ಕಿ.ಮೀ. ಬೆಟ್ಟ ಎಂದಿಟ್ಟುಕೊಳ್ಳಿ, ವಿಸ್ತೀರ್ಣದಂತೆ ಹಂಚಿದರೆ ಬೆಟ್ಟದ ಮೇಲೆ 8,000 ಜನ ಕೂತುಬಿಡುತ್ತಾರೆ! ಒಡೆದ ನಂತರದ ಮೊದಲ ಗಣತಿಯಲ್ಲಿ ಎರಡೂ ಹೋಳುಗಳಲ್ಲಿದ್ದ ಜನರ ಅನುಪಾತವೇ ವಾಸಿ. ಅದೂ ಅಂದಾಜೇ, ಪಟ್ಟಿಯಲ್ಲಿ ಗುರುತು ಹಾಕಿಡಿ.

ವಾರ್ಷಿಕ ದರಕ್ಕೆ ಒಟ್ಟು ಶೇಕಡಾವಾರು ಏರಿಕೆಯನ್ನು ವರ್ಷಗಳಿಂದ ಭಾಗಿಸಬಾರದು. ಸಿಂಗಪುರದ ಶೇ 101ನ್ನು 40ರಿಂದ ಭಾಗಿಸಿದರೆ 2.5, ಕೊನೆಯ ಸಾಂದ್ರತೆಯನ್ನು ಮೊದಲಿನದರಿಂದ ಭಾಗಿಸಿ, 40ನೇ ಮೂಲ ತೆಗೆದು 1 ಕಳೆದರೆ ಸಿಗುವ ಸರಿಯಾದ ದರ ಶೇ 1.77. ಗಣತಿಯ ದಿನಾಂಕ ಬೇಕಾಗುವುದೂ ಇಲ್ಲಿಯೇ: ಭಾರತದಲ್ಲಿ 1971ರದ್ದು ಏಪ್ರಿಲ್ 1ಕ್ಕೆ, 1981ರದ್ದು ಮಾರ್ಚ್ 1ಕ್ಕೆ. ಅಂತರ 10 ವರ್ಷವಲ್ಲ, 9.92.

ಉಪಘಟಕಗಳ ಸಾಂದ್ರತೆಗಳನ್ನು ಕೂಡಿಸಿ ಸರಾಸರಿ ತೆಗೆಯಬೇಡಿ. ಒಟ್ಟು ಜನರನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸಿ. ಅದರ ಜೊತೆ, ಜನ ಹೆಚ್ಚಿರುವ ಕಡೆಗೆ ಹೆಚ್ಚು ತೂಕ ಕೊಡುವ ತೂಕದ ಸಾಂದ್ರತೆಯನ್ನೂ ತೆಗೆಯಲೇಬೇಕು. ತಲಾ 100 ಚದರ ಕಿ.ಮೀ.ಯ ಎರಡು ಘಟಕಗಳಲ್ಲಿ 90,000 ಮತ್ತು 10,000 ಜನರಿದ್ದು, ಮುಂದೆ ಅದು 98,000 ಮತ್ತು 2,000 ಆಯಿತು ಅನ್ನಿ. ಸಾಮಾನ್ಯ ಸಾಂದ್ರತೆ ಎರಡೂ ಸಲ 500, ಏನೂ ಆಗಿಲ್ಲವೆಂಬಂತೆ. ಪ್ರತಿ ಘಟಕದ ಸಾಂದ್ರತೆಯನ್ನು ಅಲ್ಲಿನ ಜನಸಂಖ್ಯೆಯಿಂದ ಗುಣಿಸಿ, ಕೂಡಿಸಿ, ಒಟ್ಟು ಜನರಿಂದ ಭಾಗಿಸಿದರೆ 820 ಇದ್ದದ್ದು 961 ಆಗುತ್ತದೆ. ಹಳ್ಳಿ ಬರಿದಾಗಿ ಪಟ್ಟಣ ಇಕ್ಕಟ್ಟಾದದ್ದು ಆಗ ಕಾಣುತ್ತದೆ.

ನಕ್ಷೆ ಮಾಡುವಾಗ ಬಣ್ಣ ಬದಲಾಗುವ ಸಾಂದ್ರತೆಯ ಮಿತಿಗಳು ಎಲ್ಲ ವರ್ಷಗಳಿಗೂ ಒಂದೇ ಆಗಿರಲಿ: 50, 100, 200, 400, ಹೀಗೆ ದುಪ್ಪಟ್ಟಾಗುತ್ತಾ. ತಂತ್ರಾಂಶ ಪ್ರತಿ ನಕ್ಷೆಗೂ ತಾನೇ ಮಿತಿ ಆರಿಸಿಕೊಂಡರೆ, ಸಾಂದ್ರತೆ ಎರಡು ಪಟ್ಟಾದ ಜಾಗವೂ ಅದೇ ಬಣ್ಣದಲ್ಲಿ ಉಳಿದುಬಿಡಬಹುದು.