ಮಾಹಿತಿ ಸೋರಿದೆಯಾ? ಮೊದಲು ಇಮೇಲ್‌ಗೆ ಬೀಗ ಹಾಕಿ

ಕಳೆದ ತಿಂಗಳು ಡೊಂಬಿವಲಿಯ ನಮ್ಮ ಮನೆಗೆ ಒಂದು ಫೋನ್ ಬಂತು. ಆ ಕಡೆಯವನಿಗೆ ಅಮ್ಮನ ಪೂರ್ತಿ ಹೆಸರು, ಹುಟ್ಟಿದ ದಿನ, ಫ್ಲಾಟ್ ನಂಬರ್, ಪ್ಯಾನ್ ಕಾರ್ಡಿನ ಕೊನೆಯ ನಾಲ್ಕು ಅಕ್ಷರ, ಎಲ್ಲ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದೆ ಅಂದ್ರೆ ಬ್ಯಾಂಕಿನವನೇ ಇರಬೇಕು ಅಂದುಕೊಂಡು ಅಮ್ಮ ಓಟಿಪಿ ಓದಿ ಹೇಳಲು ಕನ್ನಡಕ ಹುಡುಕುತ್ತಿದ್ದರು. ಓಡಿ ಹೋಗಿ ಫೋನ್ ಕಟ್ ಮಾಡಿದೆ.

ಸೋರಿದ್ದನ್ನು ವಾಪಸ್ ತರಲು ಆಗುವುದಿಲ್ಲ. ಹುಟ್ಟಿದ ದಿನವನ್ನು ಬದಲಾಯಿಸಲೂ ಆಗುವುದಿಲ್ಲ, ಅಲ್ವಾ? ಆದರೆ ಅದನ್ನು ಹಿಡಿದುಕೊಂಡು ಬಂದವನಿಗೆ ಬಾಗಿಲು ತೆರೆಯದ ಹಾಗೆ ಮಾಡಬಹುದು.

ಎಲ್ಲರೂ ಮೊದಲು ಬ್ಯಾಂಕಿನ ಪಾಸ್‌ವರ್ಡ್ ಬದಲಾಯಿಸಲು ಓಡುತ್ತಾರೆ. ನಾನು ಹೇಳುವುದು, ಮೊದಲು ಇಮೇಲ್. ಯಾಕೆಂದರೆ 'ಪಾಸ್‌ವರ್ಡ್ ಮರೆತಿದ್ದೇನೆ' ಅಂತ ಒತ್ತಿದರೆ ಹೆಚ್ಚಿನ ಖಾತೆಗಳ ಲಿಂಕ್ ಬರುವುದು ಅಲ್ಲಿಗೇ. ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಡಿ, ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವ ಟು ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಗೊತ್ತಿಲ್ಲದ ಫೋನ್ ಅಥವಾ ಕಂಪ್ಯೂಟರ್ ಲಾಗಿನ್ ಆಗಿದ್ದರೆ ಹೊರಗೆ ಹಾಕಿ, ಹಾಗೇ ರಿಕವರಿ ನಂಬರ್ ನಿಮ್ಮದೇನಾ ಅಂತಲೂ ನೋಡಿ. ಹಳೆಯ ಪಾಸ್‌ವರ್ಡನ್ನೇ ಬೇರೆ ಕಡೆ ಬಳಸಿದ್ದರೆ ಅಲ್ಲೂ ಬದಲಾಯಿಸಿ. ಕಳ್ಳರು ಅದೇ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಯನ್ನು ಹತ್ತು ಕಡೆ ಹಾಕಿ ನೋಡುತ್ತಾರೆ. ವಾಟ್ಸಾಪ್‌ಗೂ ಆರು ಅಂಕಿಯ ಪಿನ್ ಇಡಿ.

ಆಮೇಲೆ ಆಧಾರ್. ಆಧಾರ್ ನಂಬರ್, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಓಟಿಪಿ ಇಲ್ಲದೆ ಖಾತೆಯಿಂದ ದುಡ್ಡು ತೆಗೆಯುವ ವ್ಯವಸ್ಥೆ ನಮ್ಮಲ್ಲಿದೆ. ಹಾಗಾಗಿ ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಇಲ್ಲಿ ಮಹಾರಾಷ್ಟ್ರದಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ಗೊತ್ತಿರುತ್ತದೆ, ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ಏಜೆಂಟ್ ಹೆಬ್ಬೆಟ್ಟಿನ ಮೆಷಿನ್ ಹಿಡಿದು ಮನೆಗೇ ಬರುತ್ತಾನೆ. ಆವತ್ತು ಸ್ವಲ್ಪ ಹೊತ್ತು ಅನ್‌ಲಾಕ್ ಮಾಡಿ, ಅವನು ಹೋದ ಮೇಲೆ ಮತ್ತೆ ಲಾಕ್ ಆಗಿದೆಯಾ ನೋಡಿ.

ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಿ. ನಮ್ಮ ಸಾಲಗಳ ದಾಖಲೆ ಇಡುವ, ಸಿಬಿಲ್ ಸೇರಿ ನಾಲ್ಕು ಕ್ರೆಡಿಟ್ ಸಂಸ್ಥೆಗಳಿವೆ, ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನೀವು ತೆಗೆದುಕೊಳ್ಳದ ಸಾಲ ಅದರಲ್ಲಿ ಇದೆಯಾ ನೋಡಿ.

ದುಡ್ಡು ಹೋಗೇ ಬಿಟ್ಟಿದ್ದರೆ ಮೊದಲು ಯಾರನ್ನೋ ಕೇಳುತ್ತಾ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಕಳ್ಳರು ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾ ಹೋಗುತ್ತಾರೆ, ಬೇಗ ಹೇಳಿದರೆ ನಡುವೆಯೇ ತಡೆಯುವ ಸಾಧ್ಯತೆ ಜಾಸ್ತಿ. ಮೆಸೇಜ್‌ಗಳನ್ನು ಡಿಲೀಟ್ ಮಾಡಬೇಡಿ, ದೂರಿಗೆ ಬೇಕಾಗುತ್ತವೆ.

ಇನ್ನು ಝೆರಾಕ್ಸ್ ಅಂಗಡಿ. ಪ್ರಿಂಟ್‌ಗೆ ಅಂತ ವಾಟ್ಸಾಪ್ ಮಾಡಿದ ಆಧಾರ್ ಅವರ ಕಂಪ್ಯೂಟರಿನಲ್ಲೇ ಉಳಿದುಬಿಡುತ್ತದೆ. ಸಾಧ್ಯವಿದ್ದ ಕಡೆಯೆಲ್ಲ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಪ್ರಿಂಟ್ ಕೈಗೆ ಬಂದ ಮೇಲೂ ಹೊರಡಬೇಡಿ, ಎದುರಿಗೇ ನಿಂತು ಆ ಫೈಲ್ ಡಿಲೀಟ್ ಮಾಡಿಸಿ.