ಸೆಟಲೈಟ್ ರೇಡಿಯೋಗೆ ರೊಕ್ಕ ಕಟ್ಟಬೇಕೋ ಬೇಡವೋ: ಒಬ್ಬ ಟೇಲರನ ಲೆಕ್ಕ

ಹೋದ ದೀಪಾವಳಿ ಮುಗಿದ ಮೇಲೆ ಅಕ್ಕನ ಮಗ ಟೆಕ್ಸಾಸ್‌ನಿಂದ ಫೋನ್ ಮಾಡಿದ. ಅಲ್ಲಿ ಹೊಸ ಕಾರು ತಗೊಂಡಿದ್ದಾನೆ. ಕಾರಿನ ಜೊತೆ ಸಿರಿಯಸ್ ಎಕ್ಸ್‌ಎಂ ಅನ್ನುವ ಸೆಟಲೈಟ್ ರೇಡಿಯೋ ಮೂರು ತಿಂಗಳು ಪುಕ್ಕಟೆ ಬಂದಿತ್ತಂತೆ, ಆ ಅವಧಿ ಮುಗಿಯುತ್ತ ಬಂದಿತ್ತು.

“ಮಾಮಾ, ನೀವ ಆವಾಗ ಅಂಗಡ್ಯಾಗ ಇಂಥಾದ್ದ ರೇಡಿಯೋ ಇಟ್ಟಿದ್ರಿ ಅಲ್ಲಾ? ಮುಂದ ರೊಕ್ಕ ಕಟ್ಲೋ ಬ್ಯಾಡೋ?”

“ನನ್ನ ಕೇಳಬ್ಯಾಡ ತಮ್ಮಾ. ಒಂದ ವಹಿ ತಗೊಂಡು ಗೀಟ ಹಾಕ,” ಅಂದೆ. ಅವನಿಗೆ ತಿಳಿಯಲಿಲ್ಲ. ಹೀಗಾಗಿ ಎಲ್ಲ ಹೇಳಬೇಕಾಯಿತು.

ನನ್ನದು ಬೆಳಗಾವಿಯ ಶಹಾಪುರದಲ್ಲಿ ಹೊಲಿಗೆ ಅಂಗಡಿ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಕಿವಿಗೆ ಬೇರೆ ಕೆಲಸವಿಲ್ಲ. 2006ರಲ್ಲಿ ಒಬ್ಬ ಗಿರಾಕಿಗೆ ಪುಣೆಗೆ ವರ್ಗವಾಯಿತು. ಹೋಗುವ ಮುಂಚೆ ತನ್ನ ವರ್ಲ್ಡ್‌ಸ್ಪೇಸ್ ಅನ್ನುವ ಕಂಪನಿಯ ಸೆಟಲೈಟ್ ರೇಡಿಯೋ ನನಗೆ ಕೊಟ್ಟ. ಬದಲಿಗೆ ನಾನು ಎರಡು ಪ್ಯಾಂಟು, ಎರಡು ಅಂಗಿ ಹೊಲಿದುಕೊಟ್ಟೆ. ಅವನ ಚಂದಾ ಇನ್ನೆರಡು ತಿಂಗಳು ಬಾಕಿ ಇತ್ತು. ಅದಾದ ಮೇಲೆ ನನ್ನ ಹೆಸರಲ್ಲಿ ಕಟ್ಟಬೇಕು, ವರ್ಷಕ್ಕೆ ಸಾವಿರದ ಎಂಟುನೂರರ ಆಸುಪಾಸು. ಆ ಕಾಲಕ್ಕೆ ಸಣ್ಣ ಟೇಲರನಿಗೆ ಅದು ಸಣ್ಣ ರೊಕ್ಕವಲ್ಲ.

ಮೊದಲ ವಾರ ಹೋದದ್ದು ಆಂಟೆನಾ ಹಿಡಿಯುವುದರಲ್ಲೇ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಚಪ್ಪಟೆ ಹಲಗೆಯಂಥದ್ದು. ಈ ರೇಡಿಯೋಗೆ ಹಾಡು ಕಳಿಸುತ್ತಿದ್ದ, 2000ನೇ ಇಸವಿಯಲ್ಲಿ ಹಾರಿಸಿದ ಏಷ್ಯಾಸ್ಟಾರ್ ಉಪಗ್ರಹ 105 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತಿತ್ತು. ನಮ್ಮೂರಿನಿಂದ ನೋಡಿದರೆ ಪೂರ್ವಕ್ಕೆ, ತುಸು ದಕ್ಷಿಣಕ್ಕೆ ವಾಲಿ, ಆಕಾಶದ ಅರ್ಧ ಎತ್ತರದಲ್ಲಿ. ನನ್ನ ಅಂಗಡಿಯ ಬಾಗಿಲೋ ಪಶ್ಚಿಮಕ್ಕೆ! ಹಿಂದಿನ ಕಿಟಕಿಯಿಂದ ವೈರ್ ಎಳೆದು, ಅರಿವೆ ಒಣಹಾಕುವ ಬಿದಿರಿಗೆ ಆಂಟೆನಾ ಕಟ್ಟಿ, ಒಳಗೆ ಹುಡುಗನನ್ನು ಸಿಗ್ನಲ್ ತೋರಿಸುವ ರೇಡಿಯೋ ಪರದೆ ಮುಂದೆ ಕೂರಿಸಿ “ಎಷ್ಟ್ ಗೀಟ ಬಂದ್ವು?” ಅಂತ ಕೂಗುತ್ತ ತಿರುಗಿಸಿದೆ. ಆಷಾಢದ ಮಳೆಯಲ್ಲಿ ಹಿತ್ತಲಿನ ಮಾವಿನ ಎಲೆ ತೊಯ್ದು ಜೋತುಬಿದ್ದರೆ ಎರಡು ಗೀಟು ಕಮ್ಮಿ. ಕಾರಿನಲ್ಲಿ ಒಯ್ಯುವ ಮಾತೇ ಇರಲಿಲ್ಲ. ಅಮೆರಿಕದ ಊರುಗಳಲ್ಲಿ ಕಟ್ಟಡಗಳ ಸಂದಿಯಲ್ಲೂ ಹಾಡು ಕಡಿಯದಂತೆ ನೆಲದ ಮೇಲೆ ಮರುಪ್ರಸಾರದ ಟವರ್‌ಗಳಿವೆ, ನಮ್ಮಲ್ಲಿ ಅವು ಬರಲೇ ಇಲ್ಲ.

ಆದರೆ ದನಿ ಮಾತ್ರ ನೀರಿನಷ್ಟು ತಿಳಿ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್ ಮೀಡಿಯಂ ವೇವ್‌ನಲ್ಲಿ ನಮಗೆ ಗಟ್ಟಿಯಾಗಿಯೇ ಬರುತ್ತದೆ, ಪುಕ್ಕಟೆ. ತೊಂದರೆ ಏನೆಂದರೆ, ಮಷಿನ್ ಮೋಟಾರ್ ಮೇಲೆ ಕಾಲಿಟ್ಟ ತಕ್ಷಣ ಗರ್ರ್ ಅಂತ ಸದ್ದು ತುಂಬಿಕೊಳ್ಳುತ್ತದೆ. ಹಾಡು ಕೇಳಬೇಕಾದರೆ ಹೊಲಿಗೆ ನಿಲ್ಲಿಸಬೇಕು. ಸೆಟಲೈಟ್ ರೇಡಿಯೋಗೆ ಮೋಟಾರಿನ ಕಾಟವಿಲ್ಲ. ಗಂಧರ್ವ್ ಅನ್ನುವ ಹಿಂದುಸ್ತಾನಿ ವಾಹಿನಿಯಲ್ಲಿ ಒಂದು ಸಂಜೆ ಕುಮಾರ ಗಂಧರ್ವರು ಹಾಡುತ್ತಿದ್ದರು. ಇಲ್ಲೇ ಪಕ್ಕದ ಸುಳೇಭಾವಿಯಲ್ಲಿ ಹುಟ್ಟಿದವರ ದನಿ 36,000 ಕಿಲೋಮೀಟರ್ ಮೇಲೆ ಹೋಗಿ ನನ್ನ ಹಿತ್ತಲ ಬಿದಿರಿಗೆ ಇಳಿಯುತ್ತಿತ್ತು. ಅವತ್ತೇ ರೊಕ್ಕ ಕಟ್ಟಿಬಿಡುತ್ತಿದ್ದೆ. ಮನೆಯವಳು ತಡೆದಳು: “ತಿಂಗಳ ಮುಗೀಲಿ, ಎಷ್ಟ ಕೇಳ್ತೀರಿ ನೋಡೂಣು.”

ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಎರಡು ಮನೆ ಹಾಕಿದೆ, ಒಂದು ಧಾರವಾಡಕ್ಕೆ, ಒಂದು ಸೆಟಲೈಟ್‌ಗೆ. ತಾಸಿಗೊಂದು ಗೀಟು. ಇಪ್ಪತ್ತಾರು ದಿನದ ಕೆಲಸ ಮುಗಿದಾಗ ಸೆಟಲೈಟ್ ಮನೆಯಲ್ಲಿ ದಿನಕ್ಕೆ ಸರಾಸರಿ ಮೂರು ಗೀಟು. ವರ್ಷಕ್ಕೆ 936 ತಾಸು, ಅಂದರೆ ತಾಸಿಗೆ ಎರಡು ರೂಪಾಯಿಗೂ ಕಮ್ಮಿ. ಅಗ್ಗ ಅನಿಸಿತು.

ಆಮೇಲೆ ನನಗೇ ಅನುಮಾನ ಬಂತು. ಕಟಿಂಗ್ ಮಾಡುವಾಗ ರೇಡಿಯೋ ಹಚ್ಚಿದ್ದರೂ ನನಗೆ ಕೇಳಿಸುವುದಿಲ್ಲ. ಚಾಕಿನ ಗೆರೆ, ಕತ್ತರಿಯ ಬಾಯಿ, ಎರಡೇ. ಅರ್ಧ ಇಂಚು ತಪ್ಪಿದರೆ ಗಿರಾಕಿಯ ಅರಿವೆ ಹೋಯಿತು. ಅಳತೆ ತೆಗೆದುಕೊಳ್ಳುವಾಗಲೂ ಅಷ್ಟೇ. ನಿಜವಾಗಿ ಕೇಳುವುದು ಕಾಜಾ ಹಾಕುವಾಗ, ಗುಂಡಿ ಹಚ್ಚುವಾಗ, ಪ್ಯಾಂಟಿನ ತಳ ಮಡಿಚಿ ಕೈಹೊಲಿಗೆ ಹಾಕುವಾಗ. ಕೈಗೆ ಕೆಲಸ ಗೊತ್ತು, ತಲೆ ಖಾಲಿ. ಆ ತಾಸುಗಳನ್ನಷ್ಟೇ ಹಿಡಿದರೆ ಲೆಕ್ಕ ಅರ್ಧಕ್ಕಿಳಿಯಿತು, ಬೆಲೆ ಸುಮಾರು ನಾಲ್ಕು ರೂಪಾಯಿಗೇರಿತು. ನಲವತ್ತರ ಹತ್ತಿರ ವಾಹಿನಿ ಇದ್ದವಲ್ಲ, ನಾನು ತಿರುಗಿಸಿದ್ದು ಮೂರೇ: ಗಂಧರ್ವ್, ಹಳೆ ಹಿಂದಿ ಹಾಡಿನ ಫರಿಷ್ತಾ, ಅಪರೂಪಕ್ಕೆ ಕನ್ನಡದ ಸ್ಪರ್ಶ. ಉಳಿದವೆಲ್ಲ ಮದುವೆ ಊಟದ ಎಲೆಯ ಮೂಲೆಯ ಉಪ್ಪಿನಕಾಯಿ. ಆದರೂ ನಾಲ್ಕು ರೂಪಾಯಿಗೆ ಒಂದು ತಾಸು ಯಮನ್ ರಾಗ ಸಿಗುವುದಾದರೆ ಬೇಡ ಅನ್ನಲು ಮನಸ್ಸಾಗಲಿಲ್ಲ. ಕಟ್ಟಿದೆ. ಮರುವರ್ಷವೂ ಕಟ್ಟಿದೆ.

2008ರಲ್ಲಿ ಹಿಂದಿನ ಮನೆಯವರು ಮೇಲೊಂದು ಮಜಲು ಎಬ್ಬಿಸಿದರು. ಪೂರ್ವದ ಆಕಾಶ ಮುಚ್ಚಿಹೋಯಿತು. ಪರದೆಯಲ್ಲಿ ಒಂದೂ ಗೀಟಿಲ್ಲ. ಚಂದಾ ಹೊಸದು ಮಾಡಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ವರ್ಲ್ಡ್‌ಸ್ಪೇಸ್ ಕಂಪನಿ ದಿವಾಳಿ ಅರ್ಜಿ ಹಾಕಿತು, 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಪ್ರಸಾರವೇ ನಿಂತಿತು. ಪಕ್ಕದವರ ಇಟ್ಟಿಗೆ ನನ್ನ ಒಂದು ವರ್ಷದ ರೊಕ್ಕ ಉಳಿಸಿತು ಅಂತ ಮನೆಯವಳು ಇವತ್ತಿಗೂ ನಗುತ್ತಾಳೆ.

ಈಗ ಅಂಗಡಿಯಲ್ಲಿ ಡಿಡಿ ಫ್ರೀ ಡಿಶ್ ಇದೆ. ಡಿಶ್ ಮತ್ತು ಡಬ್ಬಿಗೆ ಒಮ್ಮೆ ಕೊಟ್ಟ ದುಡ್ಡೇ ದುಡ್ಡು, ತಿಂಗಳಿಗೆ ಏನೂ ಇಲ್ಲ. ಟಿವಿ ಬರುವುದು ಎಲ್ಲರಿಗೂ ಗೊತ್ತು. ಅದೇ ಡಬ್ಬಿಯಲ್ಲಿ ಆಕಾಶವಾಣಿಯ ಹತ್ತಾರು ರೇಡಿಯೋ ವಾಹಿನಿ ಬರುವುದು ಬಹಳ ಮಂದಿಗೆ ಗೊತ್ತಿಲ್ಲ. ಇದೂ ಸೆಟಲೈಟ್ ರೇಡಿಯೋನೇ ಅಲ್ಲವೇ? ಇಡೀ ದಿನ ಶಾಸ್ತ್ರೀಯ ಸಂಗೀತ ಬೇಕೆಂದರೆ 2016ರಲ್ಲಿ ಬೆಂಗಳೂರಿನಿಂದ ಶುರುವಾದ ಆಕಾಶವಾಣಿಯ ರಾಗಂ ವಾಹಿನಿ ಇದೆ, ಮೊಬೈಲ್‌ನಲ್ಲೂ ಸಿಗುತ್ತದೆ.

ಅಳಿಯನಿಗೆ ಎರಡೇ ಮಾತು ಹೆಚ್ಚಿಗೆ ಹೇಳಿದೆ. ಪುಕ್ಕಟೆ ಅವಧಿ ಮುಗಿಯುವ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿ ಬರೆ. ಕಮ್ಮಿ ದರಕ್ಕೆ ಕೊಡುತ್ತೇವೆ ಅಂದರೆ ಆ ದರ ಎಷ್ಟು ತಿಂಗಳಿಗೆ, ಆಮೇಲೆ ಕಾರ್ಡಿನಿಂದ ತಾನಾಗಿ ಎಷ್ಟು ಕಡಿಯುತ್ತದೆ ಕೇಳು. ಫೋನಿನ ನೆಟ್‌ವರ್ಕ್ ಸಿಗದ ಉದ್ದ ದಾರಿಯಲ್ಲಿ ದಿನಾ ಓಡಾಡುವವನಾದರೆ ಕಟ್ಟು, ಅಲ್ಲಿ ಸೆಟಲೈಟ್ ಕೈಹಿಡಿಯುತ್ತದೆ.

ಮೂರು ವಾರಕ್ಕೆ ವಹಿಯ ಫೋಟೋ ಕಳಿಸಿದ. ಸೆಟಲೈಟ್ ಮನೆಯಲ್ಲಿ ಆರು ಗೀಟು, ಮೊಬೈಲ್ ಹಾಡಿಗೆ ಒಂಬತ್ತು. ಮೂರನೇ ಮನೆ ನಾನು ಹೇಳಿದ್ದಲ್ಲ, ತಾನೇ ಹಾಕಿಕೊಂಡಿದ್ದ. ಮೇಲೆ “ಅವ್ವನ ಫೋನ್” ಅಂತ ಬರೆದು ಹದಿನೆಂಟು ಗೀಟು ಎಳೆದಿದ್ದ.